ನಿಮಗಿದು ಗೊತ್ತೆ? ಚಾಲಕನಿಲ್ಲದ ರೈಲಿಗೂ ಸಿಬ್ಬಂದಿ ಬೇಕು

ತಿಕೋಟಾ, ಬಬಲೇಶ್ವರದವರು ರೈಲು ಹತ್ತಲು ವಿಜಯಪುರ ನಿಲ್ದಾಣಕ್ಕೇ ಬರಬೇಕು. ಅಲ್ಲಿ ಕೊನೆಯ ಬೋಗಿಯಿಂದ ಹಸಿರು ನಿಶಾನೆ ತೋರುವವರನ್ನು ನಾವು ಇಂದಿಗೂ ಗಾರ್ಡ್ ಎನ್ನುತ್ತೇವೆ. ಆದರೆ 2022ರ ಜನವರಿಯಲ್ಲೇ ರೈಲ್ವೆ ಆ ಹುದ್ದೆಗೆ ‘ಟ್ರೇನ್ ಮ್ಯಾನೇಜರ್’ ಎಂದು ಹೆಸರು ಬದಲಿಸಿದೆ. ಇನ್ನು ಚಾಲಕರೇ ಇಲ್ಲದ ರೈಲುಗಳ ಕಥೆ ಹೀಗಿದೆ:

● ಜಪಾನಿನ ಕೋಬೆ ನಗರದಲ್ಲಿ ಚಾಲಕರಹಿತ ‘ಪೋರ್ಟ್ ಲೈನರ್’ ರೈಲಿನ ಸಂಚಾರ ಆರಂಭವಾದದ್ದು 1981ರಲ್ಲಿ.

● ಭಾರತದ ಮೊದಲ ಚಾಲಕರಹಿತ ರೈಲು ಸೇವೆ ದೆಹಲಿ ಮೆಟ್ರೊದ ಮೆಜೆಂಟಾ ಮಾರ್ಗದ್ದು. ಚಾಲನೆ ಸಿಕ್ಕಿದ್ದು 2020ರ ಡಿಸೆಂಬರ್ 28ರಂದು.

● 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಬೆಂಗಳೂರಿನ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗದ ರೈಲುಗಳು ಚಾಲಕರಿಲ್ಲದೆಯೂ ಓಡಬಲ್ಲವು. ಆದರೂ ಸಂಚಾರ ಶುರುವಾದದ್ದು ಚಾಲಕರೊಂದಿಗೇ.

● ಚಾಲಕರಹಿತ ರೈಲು, ನಿಯಂತ್ರಣ ವ್ಯವಸ್ಥೆಯೊಂದಿಗೆ ರೇಡಿಯೊ ಮೂಲಕ ಸದಾ ಸಂಪರ್ಕದಲ್ಲಿದ್ದು, ಮುಂದಿನ ರೈಲಿನ ಅಂತರಕ್ಕೆ ತಕ್ಕಂತೆ ವೇಗ ಹೊಂದಿಸಿಕೊಳ್ಳುತ್ತದೆ.

● ಲಂಡನ್ನಿನ ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ 1987ರಿಂದ ಸ್ವಯಂಚಾಲಿತವಾಗಿ ಓಡುತ್ತಿದೆ. ಅದರೊಳಗಿನ ಸಿಬ್ಬಂದಿ ಬಾಗಿಲು ಮುಚ್ಚಿಸುತ್ತಾರೆ, ಟಿಕೆಟ್ ನೋಡುತ್ತಾರೆ. ಅಗತ್ಯ ಬಿದ್ದರೆ ತಾವೇ ರೈಲು ಓಡಿಸುತ್ತಾರೆ.

● ಮೆಟ್ರೊ ಹಳಿಗೆ ಜನ, ವಾಹನಗಳ ಅಡ್ಡಿಯಿಲ್ಲ. ಆದರೆ ದನಕರು ಹಳಿ ದಾಟುವ ನಮ್ಮ ಬಯಲುಸೀಮೆಯ ಮಾರ್ಗಗಳಲ್ಲಿ ಲೋಕೊ ಪೈಲಟ್‌ನ (ರೈಲು ಚಾಲಕನ) ಎಚ್ಚರದ ಕಣ್ಣೇ ಪ್ರಯಾಣಿಕರಿಗೆ ರಕ್ಷೆ.