ಹೊಲ ಕಾಯೋ ಬಂದೂಕೇ ಕೈಕೊಟ್ಟರೆ ಯಾರನ್ನ ಕೇಳಬೇಕು? ಲೈಸೆನ್ಸ್ ಇದ್ದ ರೈತರು ತಿಳಿದಿರಬೇಕಾದ ವಿಷಯ

ಮಲ್ಲಸಮುದ್ರ (ಗದಗ): ಗೋವಿನಜೋಳ ತೆನೆ ಕಟ್ಟಿತು ಅಂದ್ರೆ ನಮ್ಮ ಕಡೆ ರೈತರಿಗೆ ರಾತ್ರಿ ನಿದ್ದೆ ಇಲ್ಲ. ಮುಂಡರಗಿ, ಶಿರಹಟ್ಟಿ, ಕಪ್ಪತಗುಡ್ಡದ ಅಂಚಿನ ಊರುಗಳಲ್ಲಿ ಹಂದಿ ಕಾಟ, ಎರೆ ಸೀಮೆಯಲ್ಲಿ ಚಿಗರಿ ಹಿಂಡು. ಕೆಲವರು ಪಟಾಕಿ ಹೊಡೀತಾರೆ, ಕೆಲವರು ಡಬ್ಬಿ ಬಡೀತಾರೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಬಂದೂಕು ಇದ್ದವರು ಅದನ್ನ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋಗ್ತಾರೆ.

ನಮ್ಮ ದೊಡ್ಡಪ್ಪನ ಹತ್ತಿರವೂ ಒಂದು ಒಂಟಿ ನಳಿಗೆ ಬಂದೂಕು ಐತಿ. ಅಜ್ಜನ ಕಾಲದ ಹಳೇದು ತುಕ್ಕು ಹಿಡಿದು ಕೆಲಸಕ್ಕೆ ಬಾರದಂಗಾದಾಗ, ಸಾಲ ಮಾಡಿ ಹೊಸಾದು ತಂದಿದ್ದರು. ಒಂದು ರಾತ್ರಿ ಹಂದಿ ಹಿಂಡು ಹೊಲಕ್ಕೆ ನುಗ್ಗಿದಾಗ ಬೆದರಿಸಲಿಕ್ಕೆ ಕುದುರೆ ಎಳೆದರು. ಟಕ್ ಅಂತ ಸಪ್ಪಳ ಬಂತು, ಗುಂಡು ಹಾರಲಿಲ್ಲ. ಕೂಡಲೇ ಬಂದೂಕು ಮುರಿದು ಕಾಡತೂಸು ಹೊರಗೆ ತೆಗೆದರು. ಏನೂ ಆಗಲಿಲ್ಲ, ಬಚಾವಾದರು. ಹಾಗೆ ಕೂಡಲೇ ತೆಗೆದದ್ದು ಎಷ್ಟು ದೊಡ್ಡ ತಪ್ಪು ಅನ್ನೋದು ನಮಗೆ ಆಮೇಲೆ ಗೊತ್ತಾಯ್ತು. ಅದನ್ನ ಮುಂದೆ ಹೇಳ್ತೀನಿ.

ಅಂಗಡಿಯವರಿಗೆ ಫೋನ್ ಮಾಡಿದರೆ "ಕಂಪನಿಗೆ ಕಳಿಸಬೇಕ್ರೀ" ಅಂದರು. ಕಂಪನಿಗೆ ಪತ್ರ ಬರೆದರೆ ಉತ್ತರ ಇಲ್ಲ. ಒಂದು ಹಂಗಾಮು ಪೂರ್ತಿ ಬಂದೂಕು ರಿಪೇರಿಗೆ ಅಂತ ಕೂತಿತು, ಬೆಳೆ ಹಂದಿ ಪಾಲಾಯ್ತು. ಆ ಕಂಪನಿಯ ಹೆಸರು ಇಲ್ಲಿ ಬರೆಯೋದಿಲ್ಲ. ಒಂದು ಬಂದೂಕು ನೋಡಿ ಇಡೀ ಕಂಪನಿಗೆ ತೀರ್ಪು ಕೊಡೋದು ನ್ಯಾಯ ಅಲ್ಲ. ಆದರೆ "ಮೊದಲಿನ ಮಾಲು ಬ್ಯಾರೆ, ಈಗಿಂದು ಬ್ಯಾರೆ" ಅನ್ನೋ ಮಾತು ಲೈಸೆನ್ಸುದಾರರ ಬಾಯಲ್ಲಿ ಬಹಳ ಕೇಳಿಬರ್ತದೆ. ಯಾಕೆ ಹಿಂಗಾಯ್ತು? ಇಂಥ ಹೊತ್ತಲ್ಲಿ ನಾವು ಏನು ಮಾಡಬಹುದು?

ಬಂದೂಕು ಅಂದ್ರೆ ಸರ್ಕಾರದ ಕಾರ್ಖಾನೆ

ನಮ್ಮ ಜಿಲ್ಲೆಗೆ ಬಂದೂಕಿನ ಕಾನೂನು ಹೊಸದಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂತ ಹುಕುಂ ಮಾಡಿದಾಗ ಮುಧೋಳ ಸೀಮೆಯ ಹಲಗಲಿ ಬೇಡರು ತಿರುಗಿಬಿದ್ದರು. ಮರುವರ್ಷ ನರಗುಂದದ ಬಾಬಾಸಾಹೇಬರು, ಮುಂಡರಗಿ ಭೀಮರಾಯರು ದಂಗೆ ಎದ್ದರು. ಆಯುಧ ಯಾರ ಕೈಯಲ್ಲಿ ಇರಬೇಕು ಅನ್ನೋದನ್ನ ಸರ್ಕಾರವೇ ತೀರ್ಮಾನ ಮಾಡೋದು ಆವತ್ತಿಂದ ಇವತ್ತಿನ ತನಕ ನಡೆದು ಬಂದೈತಿ. ಈಗ ಇರೋದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು.

ಬಂದೂಕು ತಯಾರಿಕೆಯೂ ಬಹುಪಾಲು ಸರ್ಕಾರದ್ದೇ. ಕೋಲ್ಕತ್ತಾ ಹತ್ತಿರದ ಕಾಶಿಪುರದ ಕಾರ್ಖಾನೆ 1801ರದ್ದು. ಇಷಾಪುರದಲ್ಲಿ ರೈಫಲ್ ತಯಾರಿಕೆ 1904ರಿಂದ. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ 1942ರದ್ದು, ತಿರುಚಿರಾಪಳ್ಳಿಯದು 1966ರದ್ದು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ .303 ರೈಫಲ್ ಇಷಾಪುರದಲ್ಲೇ ಆಗ್ತಿತ್ತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಜನವರಿಯಲ್ಲಿ. ಅಂದ್ರೆ ಹಳೇ ಮಾಲು ಎಷ್ಟು ಗಟ್ಟಿ ಇತ್ತು ನೋಡಿ.

1956ರ ಕೈಗಾರಿಕಾ ನೀತಿಯಲ್ಲಿ ಶಸ್ತ್ರಾಸ್ತ್ರ ತಯಾರಿಕೆಯನ್ನ ಸರ್ಕಾರಕ್ಕೇ ಮೀಸಲಿಟ್ಟರು. ಮುಂಗೇರ್‌ನಂಥ ಕಡೆ ಲೈಸೆನ್ಸ್ ಇದ್ದ ಸಣ್ಣ ಖಾಸಗಿ ತಯಾರಕರು ಉಳಿದುಕೊಂಡರೂ ಅವರಿಗೆ ಇಂತಿಷ್ಟೇ ಅನ್ನೋ ಮಿತಿ. 1980ರ ದಶಕದ ಮಧ್ಯದಲ್ಲಿ ಸಾಮಾನ್ಯ ಜನರಿಗೆ ವಿದೇಶಿ ಬಂದೂಕು ಆಮದು ಬಂದ್ ಆಯ್ತು. ರಿವಾಲ್ವರ್, .315 ರೈಫಲ್ ಬೇಕು ಅಂದವರು ಸರ್ಕಾರಿ ಕಾರ್ಖಾನೆಯ ಬಾಗಿಲಿಗೇ ಹೋಗಬೇಕಾಯ್ತು. ಹಣ ಕಟ್ಟಿ ಸರದಿ ಕಾಯಬೇಕಾಯ್ತು.

ಊರಿಗೆ ಒಂದೇ ಕಿರಾಣಿ ಅಂಗಡಿ ಇದ್ದರೆ ಏನಾಗ್ತದೆ? ಬ್ಯಾಳಿಯಲ್ಲಿ ಹಳ್ಳು ಇದ್ದರೂ ಅಲ್ಲೇ ತಗೋಬೇಕು. ಅಂಗಡಿಯವ ಕೆಟ್ಟವ ಅಂತಲ್ಲ. ಗಿರಾಕಿ ಬ್ಯಾರೆ ಕಡೆ ಹೋಗಲ್ಲ ಅಂತ ಗೊತ್ತಿದ್ದ ಮೇಲೆ ಹಳ್ಳು ಆರಿಸೋ ತುರ್ತು ಅವನಿಗೆ ಇರೋದಿಲ್ಲ.

ಸೈನ್ಯವೇ ದೂರು ಹೇಳಿತು

ನಮ್ಮಂಥವರು ದೂರಿದರೆ ಯಾರೂ ಕೇಳದಿರಬಹುದು. ಆದರೆ ಈ ಕಾರ್ಖಾನೆಗಳ ದೊಡ್ಡ ಗಿರಾಕಿ ಸೈನ್ಯ. ಅಲ್ಲಿಂದಲೂ ದೂರು ಬಂತು.

ಇನ್ಸಾಸ್ ರೈಫಲ್ 1990ರ ದಶಕದ ಕೊನೆಗೆ ಸೈನಿಕರ ಕೈಗೆ ಸಿಕ್ಕಿತು. 1999ರ ಕಾರ್ಗಿಲ್ ಯುದ್ಧದ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಸೀಳಿದವು ಅಂತ ದೂರು ಬಂತು. 2005ರ ಆಗಸ್ಟ್‌ನಲ್ಲಿ ನೇಪಾಳದ ಕಾಲಿಕೋಟ್ ಜಿಲ್ಲೆಯಲ್ಲಿ ಮಾವೋವಾದಿಗಳ ದಾಳಿಗೆ 43 ಯೋಧರು ಸತ್ತಾಗ, ಕಾಳಗದ ನಡುವೆ ಇನ್ಸಾಸ್ ಕೆಲಸ ಮಾಡಲಿಲ್ಲ ಅಂತ ನೇಪಾಳ ಸೈನ್ಯ ಬಹಿರಂಗವಾಗಿ ಹೇಳಿತು. ಸರಿಯಾಗಿ ಬಳಸಿಲ್ಲ, ನಿರ್ವಹಣೆ ಮಾಡಿಲ್ಲ ಅನ್ನೋದು ಭಾರತದ ಕಡೆಯ ಉತ್ತರ. ಇನ್ಸಾಸ್ ವಿನ್ಯಾಸ ಮಾಡಿದ್ದು ಡಿಆರ್‌ಡಿಒ, ತಯಾರಿಸಿದ್ದು ಕಾರ್ಖಾನೆಗಳು. ಹಾಗಾಗಿ ತಪ್ಪೆಲ್ಲ ಒಬ್ಬರದೇ ಅಂತ ಹೇಳಲಿಕ್ಕೆ ಬರೋದಿಲ್ಲ. ಆದರೆ 2019ರ ಫೆಬ್ರವರಿಯಲ್ಲಿ ಸೈನ್ಯ 72,400 ರೈಫಲ್‌ಗಳಿಗೆ ಅಮೆರಿಕದ ಸಿಗ್ ಸೌರ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿತು. ಗಿರಾಕಿ ಬ್ಯಾರೆ ಅಂಗಡಿ ಹುಡುಕಿದ ಅಂತಲೇ ಅರ್ಥ.

ಮದ್ದುಗುಂಡಿನ ಗುಣಮಟ್ಟದ ಬಗ್ಗೆ ಸಿಎಜಿ ಹಲವು ಸಲ ಎಚ್ಚರಿಸಿತ್ತು, 2017ರ ಜುಲೈನಲ್ಲಿ ಸಂಸತ್ತಿಗೆ ಬಂದ ವರದಿಯೂ ಅದನ್ನೇ ಹೇಳಿತು. ದೋಷ ಇದ್ದ ಮದ್ದುಗುಂಡಿನಿಂದ ಸುಮಾರು 960 ಕೋಟಿ ರೂಪಾಯಿ ನಷ್ಟ ಆಗಿದೆ ಅನ್ನೋ ಸೈನ್ಯದ ಆಂತರಿಕ ಅಂದಾಜು 2020ರಲ್ಲಿ ರಾಷ್ಟ್ರೀಯ ಮಾಧ್ಯಮಗಳಲ್ಲಿ ಸುದ್ದಿಯಾಗಿತ್ತು.

ಕೊನೆಗೆ 2021ರ ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ ಹಳೇ ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿಯನ್ನೇ ಬರ್ಖಾಸ್ತು ಮಾಡಿ, 41 ಕಾರ್ಖಾನೆಗಳನ್ನ 7 ಕಂಪನಿಗಳಾಗಿ ಹಂಚಿತು. ಈಗ ಬಂದೂಕು, ರಿವಾಲ್ವರ್ ಮಾಡೋದು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್. ಕಾಡತೂಸು ಪುಣೆಯ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ದು. ಖಾಸಗಿಯವರೂ ಬಂದಿದ್ದಾರೆ, ನಮ್ಮ ಬೆಂಗಳೂರಿನಲ್ಲೇ ಎಸ್‌ಎಸ್‌ಎಸ್ ಡಿಫೆನ್ಸ್ ರೈಫಲ್ ತಯಾರಿಸ್ತದೆ. ಸ್ಪರ್ಧೆ ಬಂದ ಮೇಲೆ ಮಾಲು ಸುಧಾರಿಸಬೇಕು. ಆದರೆ ಅದರ ಲಾಭ ಹೊಲದಲ್ಲಿ ನಿಂತ ರೈತನಿಗೆ ಮುಟ್ಟಬೇಕಲ್ಲ.

ಬಂದೂಕಿಗೆ ಸರ್ವಿಸ್ ಯಾಕೆ ಅಷ್ಟು ಮುಖ್ಯ?

ಪಂಪ್‌ಸೆಟ್ ಕೆಟ್ಟರೆ ಬೆಟಗೇರಿಗೆ ಒಯ್ತೀವಿ. ಒಬ್ಬ ಮಿಸ್ತ್ರಿ ಸರಿ ಮಾಡದಿದ್ದರೆ ಇನ್ನೊಬ್ಬ. ಬಂದೂಕು ಹಾಗಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ರಿಪೇರಿ ಮಾಡೋದಕ್ಕೂ ಲೈಸೆನ್ಸ್ ಬೇಕು. ಊರ ಬಡಿಗೇರ, ಕಮ್ಮಾರ, ವೆಲ್ಡಿಂಗ್ ಅಂಗಡಿಯವ ಯಾರೂ ಮುಟ್ಟುವಂತಿಲ್ಲ. ನಳಿಗೆ ಕತ್ತರಿಸಿ ಗಿಡ್ಡ ಮಾಡೋದು 6ನೇ ಕಲಂ ಪ್ರಕಾರ ಅಪರಾಧ. ನಂಬರು, ಗುರುತು ಅಳಿಸಿದರೆ 8ನೇ ಕಲಂ.

ಬದಲಿ ಕೊಡಿ ಅಂತ ಕೇಳೋದೂ ಸುಲಭ ಇಲ್ಲ. ಬಂದೂಕಿನ ನಂಬರು ಲೈಸೆನ್ಸ್ ಮೇಲೆ ಬರೆದಿರ್ತದೆ. ಬೇರೆ ಬಂದೂಕು ತರಬೇಕಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮತ್ತೆ ಕಾಗದಪತ್ರ ಆಗಬೇಕು. ಅಂದ್ರೆ ಅಂಗಡಿಯವರು, ಕಂಪನಿಯವರು ಕೈ ಎತ್ತಿದರೆ ರೈತನಿಗೆ ಬೇರೆ ದಾರಿ ಇಲ್ಲ. ಬೇರೆ ಯಾವ ಮಾಲಿಗಿಂತ ಇಲ್ಲಿ ಕಂಪನಿಯ ಜವಾಬ್ದಾರಿ ಹೆಚ್ಚು ಅನ್ನೋದು ಇದಕ್ಕೇ.

ತಗೊಳ್ಳುವಾಗ ಏನು ನೋಡಬೇಕು?

ನಮ್ಮ ಕಡೆ ಹೆಚ್ಚಾಗಿ ಇರೋದು 12 ಬೋರ್ ಬಂದೂಕು. ಒಂದು ಪೌಂಡು ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದು ಗುಂಡಿನ ದಪ್ಪ ಎಷ್ಟೋ ನಳಿಗೆ ಬಾಯಿ ಅಷ್ಟು, ಸುಮಾರು 18.5 ಮಿಲಿಮೀಟರ್. ಅದಕ್ಕೇ 12 ಬೋರ್ ಅನ್ನೋ ಹೆಸರು.

* ನಳಿಗೆ ಮೇಲೆ ಪ್ರೂಫ್ ಗುರುತು ಇದೆಯಾ ನೋಡಿ. ಮಾಮೂಲಿಗಿಂತ ಜಾಸ್ತಿ ಒತ್ತಡದ ಕಾಡತೂಸು ಹಾರಿಸಿ ನಳಿಗೆ ತಡೆದುಕೊಂಡಿತು ಅಂತ ಹಾಕೋ ಮುದ್ರೆ ಅದು. ಮುದ್ರೆ ಇಲ್ಲದ ಬಂದೂಕು ಬ್ಯಾಡವೇ ಬ್ಯಾಡ.
* ಕಾಡತೂಸು ಕೂರೋ ಜಾಗದ ಉದ್ದ 65 ಮಿಲಿಮೀಟರೋ 70 ಮಿಲಿಮೀಟರೋ ಕೇಳಿ. 65ರ ಬಂದೂಕಿನಲ್ಲಿ 70ರ ಕಾಡತೂಸು ಕೂರ್ತದೆ, ಆದರೆ ಹಾರಿಸಿದಾಗ ಅದರ ಬಾಯಿ ಬಿಚ್ಚಲಿಕ್ಕೆ ಜಾಗ ಸಾಲದೆ ಒತ್ತಡ ಏರ್ತದೆ. ನಳಿಗೆ ಸೀಳಬಹುದು. ಹಳೇ ಬಂದೂಕು ಇದ್ದವರು ಇದನ್ನ ಮರೀಬಾರದು.
* ಖಾಲಿ ಬಂದೂಕು ಮುಚ್ಚಿ ಅಲ್ಲಾಡಿಸಿ ನೋಡಿ. ನಳಿಗೆ ಮತ್ತು ಹಿಂದಿನ ಭಾಗ ಕೂಡೋ ಕಡೆ ಗಡಗಡ ಅಂದರೆ, ಸಂದು ಕಂಡರೆ ಬಿಡಿ.
* ನಳಿಗೆ ಒಳಗೆ ಬೆಳಕು ಹಾಯಿಸಿ ನೋಡಿ. ತಗ್ಗು, ತುಕ್ಕು, ಉಬ್ಬು ಇರಬಾರದು.
* ಬಿಲ್, ಗ್ಯಾರಂಟಿ ಕಾರ್ಡ್ ಎರಡೂ ತಗೊಳ್ರಿ. ಬಿಲ್‌ನಲ್ಲಿ ಬಂದೂಕಿನ ನಂಬರು ಇರಲೇಬೇಕು.

ಟಕ್ ಅಂದು ಹಾರದಿದ್ದರೆ?

ಈಗ ದೊಡ್ಡಪ್ಪನ ತಪ್ಪಿಗೆ ಬರೋಣ. ಕುದುರೆ ಎಳೆದಾಗ ಒಳಗಿನ ಫೈರಿಂಗ್ ಪಿನ್ ಕಾಡತೂಸಿನ ಹಿಂದಿನ ಕ್ಯಾಪಿಗೆ ಬಡೀತದೆ. ಪಿನ್ ಸವೆದಿದ್ದರೆ, ಸ್ಪ್ರಿಂಗ್ ಸಡಿಲ ಇದ್ದರೆ, ಕಾಡತೂಸು ತಂಪು ಹಿಡಿದಿದ್ದರೆ ಹಾರೋದಿಲ್ಲ. ಆದರೆ ಕೆಲವೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ತದೆ. ಅದೇ ಹೊತ್ತಿಗೆ ಬಂದೂಕು ಮುರಿದರೆ ಕಾಡತೂಸು ಮುಖದ ಮುಂದೆಯೇ ಸಿಡೀತದೆ. ಕಣ್ಣು ಹೋಗಬಹುದು, ಕೈ ಹೋಗಬಹುದು. ಜಿಮ್ಸ್ ಆಸ್ಪತ್ರೆ ನಮ್ಮ ಮಲ್ಲಸಮುದ್ರದಲ್ಲೇ ಐತಿ, ಖರೆ. ಆದರೆ ಹೋದ ಕಣ್ಣು ಯಾವ ಆಸ್ಪತ್ರೆಗೆ ಹೋದರೂ ಬರೋದಿಲ್ಲ.

ಹಾಗಾಗಿ ಬಂದೂಕಿನ ಬಾಯಿ ಯಾರೂ ಇಲ್ಲದ ಕಡೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು. ಆಮೇಲೆ ಮುಖ ದೂರ ಇಟ್ಟು ತೆಗೀಬೇಕು. ಸಪ್ಪಳ ಮಾಮೂಲಿಗಿಂತ ಸಣ್ಣದಾಗಿ ಬಂದರೆ ಇನ್ನೊಂದು ಗುಂಡು ಹಾಕಲೇಬಾರದು, ಮೊದಲಿನದು ನಳಿಗೆಯಲ್ಲೇ ಸಿಕ್ಕಿರಬಹುದು. ಬಂದೂಕಿನ ಜೊತೆ ಇದನ್ನ ಹೇಳಿಕೊಡಬೇಕಾದವರು ಮಾರಿದವರು. ದೊಡ್ಡಪ್ಪಗೆ ಯಾರೂ ಹೇಳಿರಲಿಲ್ಲ.

ದೂರು ಎಲ್ಲಿ ಕೊಡಬೇಕು?

ಬಂದೂಕು ಕೂಡ ಒಂದು ಸರಕು, ಕೊಂಡ ರೈತ ಗ್ರಾಹಕ. ಸರ್ಕಾರಿ ಕಂಪನಿ ಆಗಲಿ ಖಾಸಗಿ ಆಗಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯ ಆಗ್ತದೆ.

1. ಮೊದಲು ಅಂಗಡಿಗೂ ಕಂಪನಿಗೂ ಲಿಖಿತ ದೂರು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಫೋನಿನ ಮಾತು ಸಾಕ್ಷಿ ಆಗೋದಿಲ್ಲ. ದುರಸ್ತಿಗೆ ಬಂದೂಕು ಕೊಟ್ಟರೆ ನಂಬರು, ತಾರೀಖು ಬರೆದ ರಸೀದಿ ಬಿಡಬೇಡಿ. ನಾಳೆ ಪೊಲೀಸರು "ಬಂದೂಕು ಎಲ್ಲೈತಿ?" ಅಂದರೆ ತೋರಿಸಲಿಕ್ಕೆ ಅದೇ ಆಧಾರ.
2. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.
3. ಆಗಲೂ ಬಗೆಹರಿಯದಿದ್ದರೆ ಗದಗ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಎಲ್ಲೇ ಇರಲಿ, ನೀವು ಇರೋ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಸರಕಿನ ಬೆಲೆ 5 ಲಕ್ಷದ ತನಕ ಇದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ದೋಷ ಇದೆಯೋ ಇಲ್ಲವೋ ಅಂತ ನೋಡಲಿಕ್ಕೆ ಪ್ರಯೋಗಾಲಯಕ್ಕೆ ಕಳಿಸೋ ಅಧಿಕಾರ ಆಯೋಗಕ್ಕೆ ಇದೆ. ದೋಷದಿಂದ ಗಾಯ ಆಗಿದ್ದರೆ ಪರಿಹಾರವನ್ನೂ ಕೇಳಬಹುದು.

ಲೈಸೆನ್ಸುದಾರರ ಜವಾಬ್ದಾರಿ

ಕಂಪನಿಯವರನ್ನ ಕೇಳೋ ಮೊದಲು ನಾವೂ ಸರಿ ಇರಬೇಕಲ್ಲ. 2019ರ ತಿದ್ದುಪಡಿ ಪ್ರಕಾರ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು 3ರಿಂದ 2ಕ್ಕೆ ಇಳಿದಿದೆ. ಮದುವೆ, ಜಾತ್ರೆಯಲ್ಲಿ ಖುಷಿಗೆ ಗುಂಡು ಹಾರಿಸಿ ಬೇರೆಯವರಿಗೆ ಅಪಾಯ ತಂದರೆ 2 ವರ್ಷದ ತನಕ ಜೈಲು ಅಥವಾ 1 ಲಕ್ಷದ ತನಕ ದಂಡ, ಇಲ್ಲ ಎರಡೂ.

ಬೆಳೆ ರಕ್ಷಣೆ ಲೈಸೆನ್ಸ್ ಅಂದ್ರೆ ಬೇಟೆ ಲೈಸೆನ್ಸ್ ಅಲ್ಲ. ಚಿಗರಿ ಅಂದ್ರೆ ಕೃಷ್ಣಮೃಗ, ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರೋ ಪ್ರಾಣಿ. ಹಂದಿ ಹೊಡೀಲಿಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅಲ್ಲಿ ಬಂದೂಕು ಹಿಡಿದು ಕಾಲಿಟ್ಟರೆ ಕೇಸು ಗ್ಯಾರಂಟಿ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕೋ ದಾರಿ ಐತಿ, ಅದನ್ನ ಬಿಡಬೇಡಿ.

ದೊಡ್ಡಪ್ಪನ ಬಂದೂಕು ಕೊನೆಗೂ ವಾಪಸ್ ಬಂತು, ಆದರೆ ಏನು ಸರಿ ಮಾಡಿದ್ದಾರೆ ಅನ್ನೋ ಒಂದು ಚೀಟಿಯೂ ಅದರ ಜೊತೆ ಇರಲಿಲ್ಲ. ಈಗ ಅದು ಟ್ರಂಕಿನಲ್ಲಿ ಬೀಗ ಹಾಕಿಕೊಂಡು ಕೂತೈತಿ. ದೊಡ್ಡಪ್ಪ ಡಬ್ಬಿ, ಬ್ಯಾಟರಿ ಹಿಡಕೊಂಡು ಹೊಲಕ್ಕೆ ಹೋಗ್ತಾರೆ. ಯಾಕ್ರೀ ಬಂದೂಕು ಒಯ್ಯಲ್ಲ ಅಂದರೆ, "ಹಂದಿಗಿಂತ ಅದರದೇ ಅಂಜಿಕಿ ಜಾಸ್ತಿ ಆಗೇತಿ ತಮ್ಮಾ" ಅಂತಾರೆ. ಈ ಸಲ ನಾನೇ ಕೂತು ಕಂಪನಿಗೆ ರಿಜಿಸ್ಟರ್ ಪೋಸ್ಟ್ ಬರೆದೀನಿ. ಉತ್ತರ ಬಾರದಿದ್ದರೆ ಮುಂದಿನ ಹೆಜ್ಜೆ ಗ್ರಾಹಕ ಆಯೋಗ.