ಹಾರಿಸುವ ಮೊದಲು ಇಳಿಸಲು ಕಲಿಯಿರಿ: ಸಾಂಗ್ಲಿ–ಮಿರಜ್ ಬಯಲಲ್ಲಿ ಮೊದಲ ಡ್ರೋನ್

2019ರ ಆಗಸ್ಟ್ ತಿಂಗಳು. ಸಾಂಗ್ಲಿಯ ಇರ್ವಿನ್ ಸೇತುವೆ ಬಳಿ ಕೃಷ್ಣಾ ನದಿಯ ಅಪಾಯ ಮಟ್ಟ 45 ಅಡಿ. ಆ ವರ್ಷ ನೀರು 57 ಅಡಿಯನ್ನೂ ದಾಟಿತು. ಪೇಟೆ, ಬಸ್ ನಿಲ್ದಾಣ, ಮನೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಪಲೂಸ್ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹಲವರು ಪ್ರಾಣ ಕಳೆದುಕೊಂಡರು. 2021ರ ಜುಲೈಯಲ್ಲಿ ನದಿ ಮತ್ತೆ ಊರಿಗೆ ನುಗ್ಗಿತು.

ಆ ದಿನಗಳಲ್ಲಿ ಎಲ್ಲರ ಮೊಬೈಲಿಗೆ ಬಂದದ್ದು ಆಕಾಶದಿಂದ ತೆಗೆದ ವಿಡಿಯೋಗಳು. ಕೆಂಪು ನೀರು, ಅದರ ನಡುವೆ ಹಂಚಿನ ಮಾಡು, ಮರದ ತುದಿ. ಯಾವ ಬೀದಿ ಮುಳುಗಿದೆ, ಯಾವ ಮನೆಯ ತಾರಸಿಯಲ್ಲಿ ಜನ ಇದ್ದಾರೆ ಎನ್ನುವುದು ನೆಲದಲ್ಲಿ ನಿಂತವನಿಗೆ ಕಾಣುವುದಿಲ್ಲ, ಮೇಲಿಂದ ಕಾಣುತ್ತದೆ. ನದಿ ದಂಡೆಯ ಊರಿನ ಹುಡುಗರಿಗೆ ಡ್ರೋನ್ ಬರೀ ಆಟಿಕೆಯಾಗಿ ಕಾಣದೇ ಇರುವುದಕ್ಕೆ ಇದೂ ಒಂದು ಕಾರಣ.

ಆದರೆ ಡ್ರೋನ್ ಕೈಗೆ ಬಂದ ಮೊದಲ ದಿನವೇ ಎಲ್ಲರೂ ಮಾಡುವುದು ಒಂದೇ ಕೆಲಸ, ಎಷ್ಟು ಎತ್ತರಕ್ಕೆ ಹೋಗುತ್ತದೆ ಅಂತ ನೋಡುವುದು. ಹೆಚ್ಚಿನ ಅನಾಹುತ ಆಗುವುದೂ ಅಲ್ಲೇ. ಮೇಲೆ ಹೋಗುವುದಕ್ಕೆ ಯಂತ್ರ ಸಾಕು, ಕೆಳಗೆ ಇಳಿಸುವುದಕ್ಕೆ ಮನುಷ್ಯ ಕಲಿತಿರಬೇಕು. ಹೊಸಬರು ಎಲ್ಲಿಂದ ಶುರು ಮಾಡಬೇಕು?

ಈ ಊರು ಕಲಿಕೆಗೆ ಯಾಕೆ ಅನುಕೂಲ?

ಸಾಂಗ್ಲಿ ಮತ್ತು ಮಿರಜ್ ನಡುವೆ ಇರುವುದು ಹತ್ತು ಕಿ.ಮೀ. ಆಸುಪಾಸಿನ ಅಂತರ. ಕುಪ್ವಾಡ್ ಸೇರಿ ಮೂರಕ್ಕೂ ಒಂದೇ ಮಹಾನಗರ ಪಾಲಿಕೆ. ಉತ್ತರ ಕರ್ನಾಟಕದವರಿಗೆ ಮಿರಜ್ ಎಂದರೆ ಆಸ್ಪತ್ರೆ ಮತ್ತು ರೈಲು ಜಂಕ್ಷನ್, ಸಾಂಗ್ಲಿ ಎಂದರೆ ಅರಶಿನ ಮಾರುಕಟ್ಟೆ. ಸದ್ಯ ಇಲ್ಲಿ ವಿಮಾನ ಓಡಾಟದ ನಿಲ್ದಾಣ ಇಲ್ಲ. ಕವಲಾಪುರದಲ್ಲಿ ಹಳೆಯ ಏರ್‌ಸ್ಟ್ರಿಪ್ ಜಾಗ ಉಂಟು, ಅಲ್ಲಿ ನಿಲ್ದಾಣ ಬೇಕು ಎಂಬ ಬೇಡಿಕೆಯೂ ಹಳೆಯದು. ಹತ್ತಿರದ ಕೊಲ್ಹಾಪುರ ವಿಮಾನ ನಿಲ್ದಾಣ ಮೂವತ್ತು ಕಿ.ಮೀ.ಗೂ ಹೆಚ್ಚು ದೂರ. ಊರು ದಾಟಿದರೆ ಸಮತಟ್ಟಾದ ಹೊಲಗಳು. 1947ರಲ್ಲಿ ಶುರುವಾದ ವಾಲ್‌ಚಂದ್ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಎಲೆಕ್ಟ್ರಾನಿಕ್ಸ್ ಓದುವ ಹುಡುಗರಿಗೂ ಕಡಿಮೆಯಿಲ್ಲ.

ತೊಂದರೆಗಳೂ ಇವೆ. ಆಳೆತ್ತರ ಬೆಳೆದ ಕಬ್ಬಿನೊಳಗೆ ಬಿದ್ದ ಡ್ರೋನ್ ಹುಡುಕುವುದು ಸುಲಭವಲ್ಲ. ದ್ರಾಕ್ಷಿ ತೋಟದ ತಂತಿಗೆ ಸಿಕ್ಕಿದರೆ ರೆಕ್ಕೆಯೂ ಹೋಗುತ್ತದೆ, ರೈತನ ಬೆಳೆಯೂ ಹೋಗುತ್ತದೆ. ರೈಲು ಹಳಿ ಮೇಲಿನ ತಂತಿಯಲ್ಲಿ ಹರಿಯುವುದು 25 ಸಾವಿರ ವೋಲ್ಟ್, ಅದರ ಹತ್ತಿರ ಸುಳಿಯಲೇಬಾರದು. ಕಟಾವಾದ ಖಾಲಿ ಹೊಲ, ಮಾಲೀಕರ ಒಪ್ಪಿಗೆ, ಗಾಳಿ ಏಳುವ ಮೊದಲಿನ ಬೆಳಗಿನ ಹೊತ್ತು. ಈ ಮೂರೂ ಇದ್ದರೆ ಜಾಗ ಸರಿಯಾಯಿತು.

ನಾಲ್ಕು ರೆಕ್ಕೆ ಕೆಲಸ ಮಾಡುವುದು ಹೇಗೆ?

ಕ್ವಾಡ್‌ಕಾಪ್ಟರ್ ಎಂದರೆ ನಾಲ್ಕು ಮೋಟಾರ್, ನಾಲ್ಕು ಪ್ರೊಪೆಲ್ಲರ್. ಎದುರುಬದುರು ಮೂಲೆಯ ಎರಡು ಒಂದು ದಿಕ್ಕಿಗೆ ತಿರುಗಿದರೆ, ಉಳಿದೆರಡು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಎಲ್ಲವೂ ಒಂದೇ ದಿಕ್ಕಿಗೆ ತಿರುಗಿದರೆ ಇಡೀ ಯಂತ್ರವೇ ಬುಗುರಿ ಹಾಗೆ ಸುತ್ತಲು ಶುರು ಮಾಡುತ್ತದೆ.

ನಾಲ್ಕೂ ಜೋರಾಗಿ ತಿರುಗಿದರೆ ಮೇಲೇರುತ್ತದೆ. ಹಿಂದಿನ ಎರಡು ಜೋರಾದರೆ ಮೂತಿ ಬಾಗಿ ಮುಂದೆ ಸಾಗುತ್ತದೆ. ಎಡಗಡೆಯ ಎರಡು ಜೋರಾದರೆ ಬಲಕ್ಕೆ ವಾಲುತ್ತದೆ. ಒಂದು ಜೋಡಿ ಮೂಲೆ ಜೋರಾಗಿ ಇನ್ನೊಂದು ಜೋಡಿ ನಿಧಾನವಾದರೆ ನಿಂತಲ್ಲೇ ತಿರುಗುತ್ತದೆ.

ಈ ಲೆಕ್ಕ ಮಾಡುವುದು ಫ್ಲೈಟ್ ಕಂಟ್ರೋಲರ್ ಎಂಬ ಸಣ್ಣ ಬೋರ್ಡ್. ಅದರ ಮೇಲಿನ ಗೈರೋ ಎಂಬ ಸಂವೇದಕ ಯಂತ್ರ ಎತ್ತ ವಾಲುತ್ತಿದೆ ಅಂತ ಸೆಕೆಂಡಿಗೆ ಸಾವಿರಾರು ಬಾರಿ ಅಳೆಯುತ್ತದೆ, ಬೋರ್ಡ್ ಅಷ್ಟೇ ವೇಗದಲ್ಲಿ ಮೋಟಾರುಗಳನ್ನು ತಿದ್ದುತ್ತದೆ. ವಿಮಾನಕ್ಕೆ ಅಗಲವಾದ ರೆಕ್ಕೆ ಇರುವುದರಿಂದ ಎಂಜಿನ್ ನಿಂತರೂ ಸ್ವಲ್ಪ ದೂರ ತೇಲಿ ಬರಬಹುದು. ಇದಕ್ಕೆ ಆ ಅನುಕೂಲ ಇಲ್ಲ. ಹವ್ಯಾಸಿಗಳು ಕಟ್ಟುವ ಡ್ರೋನಿನಲ್ಲಿ ಒಂದು ಮೋಟಾರ್ ಕೈಕೊಟ್ಟರೂ ಮುಗಿಯಿತು, ನೆಲಕ್ಕೆ ಬೀಳುತ್ತದೆ. 'ಇದು ಯಾವಾಗ ಬೇಕಾದರೂ ಬೀಳಬಹುದು' ಎಂಬ ಲೆಕ್ಕದಲ್ಲೇ ಜಾಗ, ಎತ್ತರ, ಸಮಯ ಆರಿಸಬೇಕು.

ಏನು ಕಟ್ಟಬೇಕು? ಎಷ್ಟು ತೂಕ?

2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದೇಶದ ಸಿದ್ಧ ಡ್ರೋನ್‌ಗಳ ಆಮದು ನಿಷೇಧಿಸಿತು. ಬಿಡಿಭಾಗಗಳಿಗೆ ಆ ನಿಷೇಧ ಇಲ್ಲ. ಹಾಗಾಗಿ ಸ್ವಂತವಾಗಿ ಕಟ್ಟುವ ದಾರಿ ತೆರೆದೇ ಇದೆ. ಕಟ್ಟಿದವನಿಗೆ ಇನ್ನೊಂದು ಲಾಭ, ಬಿದ್ದಾಗ ಯಾವ ಭಾಗ ಹೋಗಿದೆ ಅಂತ ಅವನಿಗೇ ಗೊತ್ತಾಗುತ್ತದೆ.

ಬೇಕಾಗುವುದು ಇಷ್ಟು: ಕಾರ್ಬನ್ ಫೈಬರ್ ಫ್ರೇಮ್, ನಾಲ್ಕು ಬ್ರಶ್‌ಲೆಸ್ ಮೋಟಾರ್, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ, ಫ್ಲೈಟ್ ಕಂಟ್ರೋಲರ್, ರಿಸೀವರ್, ಪ್ರೊಪೆಲ್ಲರ್, ಲಿಪೋ ಬ್ಯಾಟರಿ. ನೆಲದಲ್ಲಿ ರೇಡಿಯೋ ಟ್ರಾನ್ಸ್‌ಮಿಟರ್ ಮತ್ತು ಒಳ್ಳೆಯ ಚಾರ್ಜರ್. ಕೊನೆಯ ಎರಡರಲ್ಲಿ ಜಿಪುಣತನ ಬೇಡ. ಡ್ರೋನ್ ಹತ್ತು ಸಲ ಬಿದ್ದು ಹೊಸದಾದರೂ ಅವೆರಡು ಉಳಿಯುತ್ತವೆ. ಬೋರ್ಡಿಗೆ ಬೀಟಾಫ್ಲೈಟ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಮೊದಲನೆಯದು ಬ್ಯಾಟರಿ ಸೇರಿ 250 ಗ್ರಾಂ ಒಳಗಿರಲಿ. ತೂಕ 240 ಗ್ರಾಂ ಅಂತ ಇಟ್ಟುಕೊಳ್ಳಿ. ಗಾಳಿಯಲ್ಲಿ ನಿಲ್ಲಲು ಒಂದೊಂದು ಮೋಟಾರ್ 60 ಗ್ರಾಂ ಎತ್ತಬೇಕು. ಆದರೆ ಬರೀ 60 ಗ್ರಾಂ ಎತ್ತುವ ಮೋಟಾರ್ ಸಾಲದು. ಗಾಳಿ ತಳ್ಳಿದಾಗ ತಿದ್ದಿಕೊಳ್ಳಲು ಕನಿಷ್ಠ ದುಪ್ಪಟ್ಟು, ಅಂದರೆ 120 ಗ್ರಾಂ ಬಲ ಬೇಕು.

ಹಾರಾಟದ ಸಮಯಕ್ಕೂ ಹೀಗೇ ಲೆಕ್ಕ. 850 ಎಂಎಎಚ್ ಬ್ಯಾಟರಿಯಲ್ಲಿ ಶೇ.80ರಷ್ಟು ಮಾತ್ರ ಬಳಸಬೇಕು, ಅಂದರೆ 680. ಸರಾಸರಿ 8 ಆಂಪಿಯರ್ ಎಳೆದರೆ ಸಿಗುವುದು ಸುಮಾರು 5 ನಿಮಿಷ. 'ಇಷ್ಟೇನಾ?' ಅಂತ ಅನಿಸಬಹುದು. ಇಷ್ಟೇ. ಟೈಮರ್ 4 ನಿಮಿಷಕ್ಕೆ ಇಟ್ಟು, ಅದು ಕೂಗಿದ ಕೂಡಲೇ ಇಳಿಸುವ ಅಭ್ಯಾಸ ಮಾಡಬೇಕು.

ಬೆಸುಗೆಯಲ್ಲಿ ತಾಳ್ಮೆ

ಮಿರಜ್‌ಗೆ ಕೈಕೆಲಸ ಹೊಸದಲ್ಲ. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಇಲ್ಲಿ ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲ್ಗಾರ್ ಮನೆತನದ ಫರೀದ್ ಸಾಹೇಬ್ ತಂತಿವಾದ್ಯ ಮಾಡಲು ಶುರು ಮಾಡಿದರು. ಅವರ ನಂತರದವರು ಸಿತಾರ್ ತಯಾರಕರು ಎಂದೇ ಹೆಸರಾದರು. ಮಿರಜ್‌ನ ಸಿತಾರ್, ತಂಬೂರಗಳಿಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಕತ್ತಿಯಿಂದ ಸಿತಾರ್‌ಗೆ ದಾಟಿದ್ದು ಅದೇ ಕೈಯ ಕುಶಲತೆ. ಡ್ರೋನ್ ಕಟ್ಟುವವನಿಗೂ ಬೇಕಾದ್ದು ಅಂಥ ತಾಳ್ಮೆಯೇ.

ಬೆಸುಗೆ ಹೊಳೆಯಬೇಕು, ತಂತಿ ಎಳೆದರೆ ಬಿಡಬಾರದು. ಪ್ಲಸ್–ಮೈನಸ್ ಅದಲುಬದಲಾದರೆ ಬ್ಯಾಟರಿ ಹಾಕಿದ ಕ್ಷಣದಲ್ಲೇ ಬೋರ್ಡ್ ಸುಟ್ಟುಹೋಗುತ್ತದೆ. ಹಾಗಾಗಿ ಮೊದಲ ಸಲ ಬ್ಯಾಟರಿ ಜೋಡಿಸುವಾಗ ನಡುವೆ ವಾಹನದ 12 ವೋಲ್ಟ್ ಬಲ್ಬ್ ಒಂದನ್ನು ಸರಣಿಯಲ್ಲಿ ಹಾಕುತ್ತಾರೆ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಬೋರ್ಡ್ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ: ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು. ತಪ್ಪಾಗಿ ಒಂದು ಸ್ವಿಚ್ ಒತ್ತಿದರೆ ಸಾಕು, ಬೆರಳಿಗೆ ಹೊಲಿಗೆ ಬೀಳುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರಂತೂ ಈ ನಿಯಮ ಮೀರಲೇಬಾರದು.

ಆಮೇಲೆ ಫೇಲ್‌ಸೇಫ್ ಪರೀಕ್ಷೆ. ಪ್ರೊಪೆಲ್ಲರ್ ಇಲ್ಲದೆ ಮೋಟಾರ್ ತಿರುಗಿಸಿ, ರೇಡಿಯೋ ಆಫ್ ಮಾಡಿ. ಹೊಂದಿಸಿದ ಕ್ರಮದಂತೆ ಮೋಟಾರ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಆ ಡ್ರೋನ್ ಹೊಲಕ್ಕೆ ಒಯ್ಯುವ ಹಾಗಿಲ್ಲ.

ಬ್ಯಾಟರಿ ಎಂಬ ಬೆಂಕಿ

ಲಿಪೋ ಬ್ಯಾಟರಿಯ ಒಂದು ಸೆಲ್ ತುಂಬಿದಾಗ 4.2 ವೋಲ್ಟ್. ಹಾರುವಾಗ 3.5ಕ್ಕೆ ಬಂದರೆ ಇಳಿಸಬೇಕು. ಬಳಸದ ದಿನಗಳಲ್ಲಿ 3.8ರ ಆಸುಪಾಸಿನಲ್ಲಿ ಇಡಬೇಕು. 850 ಎಂಎಎಚ್ ಬ್ಯಾಟರಿಯನ್ನು 0.85 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ಕ್ಷೇಮ. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು, ಮೇ ತಿಂಗಳ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಬಿಟ್ಟು ಹೋಗುವುದು, ಉಬ್ಬಿದ ಬ್ಯಾಟರಿಯನ್ನು 'ಇನ್ನೊಂದು ಸಲ ನೋಡುವ' ಅನ್ನುವುದು, ಈ ಮೂರೂ ಬೇಡ. ಚಾರ್ಜ್ ಮಾಡುವಾಗ ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲಿ.

ಮೊದಲು ಪರದೆ, ಆಮೇಲೆ ಹೊಲ

ರೇಡಿಯೋವನ್ನು ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ ಸಿಮ್ಯುಲೇಟರ್‌ನಲ್ಲಿ ಹಾರಿಸಬಹುದು. ಅಲ್ಲಿ ನೂರು ಸಲ ಬಿದ್ದರೂ ಒಂದು ರೂಪಾಯಿ ನಷ್ಟ ಇಲ್ಲ. ಕನಿಷ್ಠ ಹತ್ತು ಗಂಟೆ ಅಲ್ಲಿ ಕಳೆದರೆ ಬೆರಳಿಗೆ ಅಂದಾಜು ಸಿಗುತ್ತದೆ.

ಹೊಲದಲ್ಲಿ ಮೊದಲ ದಿನ ಆಂಗಲ್ ಮೋಡ್ ಇರಲಿ. ಅದರಲ್ಲಿ ಕಡ್ಡಿ ಬಿಟ್ಟರೆ ಡ್ರೋನ್ ತಾನೇ ಸಮತಟ್ಟಾಗುತ್ತದೆ. ಒಂದೂವರೆ ಮೀಟರ್ ಎತ್ತರಕ್ಕೆ ಏರಿಸಿ, ಹತ್ತು ಸೆಕೆಂಡ್ ನಿಲ್ಲಿಸಿ, ಇಳಿಸಿ. ಮತ್ತೆ ಏರಿಸಿ, ಇಳಿಸಿ. ಇಪ್ಪತ್ತು ಸಲ ಸರಿಯಾಗಿ ಇಳಿಸಿದ ಮೇಲೆ ಎಡ, ಬಲ, ಚೌಕಾಕಾರ. ಡ್ರೋನಿನ ಹಿಂಭಾಗ ನಿಮ್ಮ ಕಡೆ ಇರುವಷ್ಟು ಹೊತ್ತು ಎಲ್ಲ ಸುಲಭ. ಮೂತಿ ನಿಮ್ಮತ್ತ ತಿರುಗಿದ ಕೂಡಲೇ ನಿಮ್ಮ ಎಡ ಅದರ ಬಲ ಆಗುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಗಾಬರಿಯಾದರೆ ಒಂದೇ ಕೆಲಸ: ಮೋಟಾರ್ ನಿಲ್ಲಿಸುವ ಸ್ವಿಚ್ ಒತ್ತಿ, ಬೀಳಲು ಬಿಡಿ. ಖಾಲಿ ಹೊಲದಲ್ಲಿ ಬಿದ್ದರೆ ಹೋಗುವುದು ಒಂದು ಪ್ರೊಪೆಲ್ಲರ್, ಉಳಿಸಲು ಹೋದರೆ ಯಾರದೋ ಕಣ್ಣು ಹೋಗಬಹುದು.

ಇಳಿಯುವ ಪಾಠ ಹಾರಾಟದಷ್ಟೇ ಹಳೆಯದು. ಒಂಬತ್ತನೇ ಶತಮಾನದ ಕಾರ್ಡೋಬಾದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಿದ್ದನ್ನು ಇತಿಹಾಸಕಾರ ಅಲ್ ಮಕ್ಕರಿ ದಾಖಲಿಸಿದ್ದಾರೆ. ಸ್ವಲ್ಪ ದೂರ ಹಾರಿದ ಅವರು ಇಳಿಯುವಾಗ ಪೆಟ್ಟು ಮಾಡಿಕೊಂಡರು. ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆ ಎಂಬುದನ್ನು ಗಮನಿಸಿ ಬಾಲ ಕಟ್ಟಿಕೊಳ್ಳದೇ ಇದ್ದದ್ದು ಅದಕ್ಕೆ ಕಾರಣ ಅಂತ ಆ ದಾಖಲೆ ಹೇಳುತ್ತದೆ.

ಕಾನೂನು ಏನು ಹೇಳುತ್ತದೆ?

2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕೆ.ಜಿ.ವರೆಗಿನದು ಮೈಕ್ರೋ. ನ್ಯಾನೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೋಗೆ ವ್ಯಾಪಾರಿ ಉದ್ದೇಶ ಇಲ್ಲದಿದ್ದರೆ ಬೇಡ. ಇಲ್ಲಿ ಒಂದು ಎಚ್ಚರಿಕೆ. ಮದುವೆ ಶೂಟಿಂಗ್‌ಗೆ ಹಣ ಪಡೆದು ಮೈಕ್ರೋ ಡ್ರೋನ್ ಹಾರಿಸಿದರೆ ಅದು ವ್ಯಾಪಾರ, ಆಗ ಪ್ರಮಾಣಪತ್ರ ಬೇಕೇ ಬೇಕು. ನ್ಯಾನೋಗಿಂತ ದೊಡ್ಡದಕ್ಕೆ ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆಯಬೇಕು. ಹಸಿರು ವಲಯದಲ್ಲಿ 400 ಅಡಿವರೆಗೆ ಮುಂಚಿತ ಅನುಮತಿ ಬೇಕಾಗಿಲ್ಲ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಹಬ್ಬ, ಚುನಾವಣೆ, ಗಣ್ಯರ ಭೇಟಿ ಸಮಯದಲ್ಲಿ ಜಿಲ್ಲಾಡಳಿತ ಅಥವಾ ಪೊಲೀಸರು ತಾತ್ಕಾಲಿಕ ನಿಷೇಧ ಹೊರಡಿಸುವುದುಂಟು. ಹಾಗಾಗಿ ಪ್ರತಿ ಸಲ ಹೊರಡುವ ಮೊದಲು ಅಧಿಕೃತ ವಾಯುಪ್ರದೇಶ ನಕ್ಷೆ ನೋಡಿ, ಸ್ಥಳೀಯ ಠಾಣೆಯಲ್ಲಿ ಒಂದು ಮಾತು ಕೇಳಿ. ಮಿರಜ್ ದರ್ಗಾದ ಉರೂಸ್ ಇರಲಿ, ಸಾಂಗ್ಲಿಯ ಗಣೇಶೋತ್ಸವ ಇರಲಿ, ಜನಸಂದಣಿಯ ಮೇಲೆ ಹಾರಿಸುವುದು ಬೇಡವೇ ಬೇಡ. ಮೇಲಿಂದ ಬಿದ್ದರೆ 240 ಗ್ರಾಂ ಕೂಡ ಕಲ್ಲೇ. ಮೇಲಾಗಿ, ಗೊತ್ತಿಲ್ಲದೆ ಮಾಡಿದ ತಪ್ಪಿಗೂ ಹುಡುಗನ ಮೇಲೆ ಕೇಸ್ ಬಿದ್ದರೆ ಮುಂದೆ ಪಾಸ್‌ಪೋರ್ಟ್, ಕೆಲಸ ಅಂತ ಓಡಾಡುವುದು ಮನೆಯವರು.

ಮತ್ತೆ ನೆರೆ ಬಂದರೆ?

ಡ್ರೋನ್ ಕಲಿತವರಿಗೆ ಆಗ ಮನಸ್ಸು ಎಳೆಯುವುದು ಸಹಜ. ಆದರೆ ರಕ್ಷಣಾ ಹೆಲಿಕಾಪ್ಟರ್ ಹಾರುವ ಜಾಗಕ್ಕೆ ಹೇಳದೆ ಕೇಳದೆ ಡ್ರೋನ್ ಬಿಟ್ಟರೆ ಹೆಲಿಕಾಪ್ಟರ್ ಹಿಂದಿರುಗಬೇಕಾಗಬಹುದು. ತಾರಸಿಯಲ್ಲಿ ಕಾಯುವವರಿಗೆ ಅದು ಸಹಾಯ ಅಲ್ಲ, ಅಡ್ಡಿ. ನೆರವಾಗಬೇಕು ಅಂತ ಇದ್ದರೆ ಮಳೆಗಾಲಕ್ಕೆ ಮೊದಲೇ ತಹಶೀಲ್ದಾರ್ ಕಚೇರಿಯಲ್ಲೋ, ಜಿಲ್ಲಾ ವಿಪತ್ತು ನಿರ್ವಹಣಾ ವಿಭಾಗದಲ್ಲೋ ಹೆಸರು, ಫೋನ್ ನಂಬರ್, ತನ್ನ ಡ್ರೋನಿನ ವಿವರ ಕೊಟ್ಟು ಬರಬೇಕು. ಕರೆದರೆ ಹೋಗಬೇಕು, ಕರೆಯದಿದ್ದರೆ ದೋಣಿಗೆ ಕೈಹಚ್ಚಬೇಕು.

ಅಲ್ಲಿಯವರೆಗೆ ಕೆಲಸ ಇಷ್ಟೇ. ಭಾನುವಾರ ಬೆಳಗ್ಗೆ, ಕಟಾವಾದ ಹೊಲ, ನಾಲ್ಕು ನಿಮಿಷದ ಟೈಮರ್. ಏರಿಸುವುದು, ನಿಲ್ಲಿಸುವುದು, ಮೆಲ್ಲಗೆ ಇಳಿಸುವುದು. ಇಪ್ಪತ್ತಕ್ಕೆ ಇಪ್ಪತ್ತು ಸಲವೂ ಗುರುತು ಹಾಕಿದ ಜಾಗದಲ್ಲೇ ಇಳಿದ ದಿನ ಮುಂದಿನ ಪಾಠಕ್ಕೆ ಹೋಗಬಹುದು.