ಜೀತವೂ ಮೂರು ವರ್ಷದ ಗಡುವೂ

ಕೂಟಗಲ್ ಹೋಬಳಿಯನ್ನೊಳಗೊಂಡ ರಾಮನಗರ ಸೀಮೆಯ ರೇಷ್ಮೆಯನ್ನು ನಾವೆಲ್ಲರೂ ಬಲ್ಲೆವು. ರಾಮನಗರ, ಮಾಗಡಿಗಳ ನೂಲು ತೆಗೆಯುವ ಕಾರ್ಖಾನೆಗಳಲ್ಲಿ ಹೆತ್ತವರು ಪಡೆದ ಮುಂಗಡಕ್ಕಾಗಿ ಮಕ್ಕಳು ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2003ರಲ್ಲಿ ವರದಿಮಾಡಿತು. 1976ರ ಜೀತನಿರ್ಮೂಲನ ಕಾಯಿದೆಯು ಇಂತಹ ಯಜಮಾನನಿಗೆ 3 ವರ್ಷದವರೆಗೆ ಸೆರೆಯನ್ನು ವಿಧಿಸುತ್ತದೆ. ತೊಡಕಿರುವುದು ಈ ಮೂರರಲ್ಲಿಯೇ. ಶಿಕ್ಷೆಯು ಅದಕ್ಕೆ ಮೀರಿದ್ದರೆ ಮೊಕದ್ದಮೆಗೆ ಗಡುವೇ ಇಲ್ಲ. ಮೀರದಿದ್ದರೆ 3 ವರ್ಷದೊಳಗೆ ದೂರು ಸಲ್ಲಬೇಕು. 1973ರ ದಂಡಪ್ರಕ್ರಿಯಾ ಸಂಹಿತೆಯ ಈ ನಿಯಮವನ್ನು 2023ರ ನಾಗರಿಕ ಸುರಕ್ಷಾ ಸಂಹಿತೆಯೂ ಉಳಿಸಿಕೊಂಡಿದೆ. ಹತ್ತನೆಯ ವಯಸ್ಸಿನಲ್ಲಿ ಬಿಡುಗಡೆ ಹೊಂದಿದ ಬಾಲಕನು ಹದಿಮೂರರೊಳಗೆ ಕಚೇರಿಯ ಮೆಟ್ಟಿಲೇರಬಲ್ಲನೇ? ಏರಲಾರನೆಂದೇ ನಮ್ಮ ಅಭಿಪ್ರಾಯ. ಆದರೂ ಎರಡು ದಾರಿಗಳುಂಟು. ಮುಂದುವರಿಯುತ್ತಿರುವ ಅಪರಾಧಕ್ಕೆ ಗಡುವು ಕ್ಷಣಕ್ಷಣಕ್ಕೂ ಹೊಸದಾಗಿ ತೊಡಗುವುದು. ಜೀತವೂ ಅಂತಹುದೇ ಎಂದು ನಾವು ಎಣಿಸುತ್ತೇವೆ. ಬಿಡುಗಡೆಯ ತರುವಾಯ ತಡವಾದರೋ, ವಿಳಂಬಕ್ಕೆ ತಕ್ಕ ಕಾರಣವಿದ್ದರೆ ಅಥವಾ ನ್ಯಾಯದ ಹಿತಕ್ಕೆ ಅವಶ್ಯವೆಂದು ತೋರಿದರೆ ನ್ಯಾಯಾಲಯವು ಆ ದೂರನ್ನು ಅಂಗೀಕರಿಸಬಹುದು.